ಹುದ್ದೆ ಮುಗಿದ ಮೇಲೂ ಉಳಿಯುವ ಕೆಲಸ

ಮೇ ತಿಂಗಳ ಕೊನೆಯ ದಿನ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಸಾಲು ಸಾಲು ಬೀಳ್ಕೊಡುಗೆ. ಅದಕ್ಕೆ ಕಾರಣ ನಮ್ಮ ಹಳ್ಳಿಶಾಲೆಗಳ ದಾಖಲಾತಿ ಪುಸ್ತಕದಲ್ಲಿದೆ. ಹಿಂದೆಲ್ಲ ಮಕ್ಕಳು ಹುಟ್ಟಿದ ತಾರೀಕನ್ನು ಮನೆಯಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ದೊಡ್ಡ ಮಳೆ ಬಂದ ವರ್ಷ, ದೀಪಾವಳಿ ಕಳೆದ ಮೇಲೆ ಎಂದಷ್ಟೇ ತಾಯಿಗೆ ನೆನಪು. ಜೂನ್‌ನಲ್ಲಿ ಶಾಲೆಗೆ ಸೇರಿಸಲು ಕರೆತಂದಾಗ ಮೇಷ್ಟ್ರು ಮಗುವನ್ನು ಒಮ್ಮೆ ನೋಡಿ, ವರ್ಷವನ್ನು ಅಂದಾಜು ಮಾಡಿ, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮ ಇರುವುದರಿಂದ ಆ ಪೀಳಿಗೆಯ ದೊಡ್ಡ ಪಾಲು ಮೇ 31ರಂದು ಒಟ್ಟಿಗೇ ಹೊರಬೀಳುತ್ತದೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ನಾನೂ ಜೂನ್ ಒಂದರವನೇ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂಬ ಹಾರೈಕೆ ಎಲ್ಲವೂ ನನಗೂ ಸಂದಿವೆ. ಹಾರೈಸಿದವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹಾರೈಕೆಯ ಒಳಗಿರುವ ನಂಬಿಕೆಯನ್ನು ನಾನು ಒಪ್ಪಲಾರೆ. ದುಡಿಮೆ ಒಂದು ಭಾರ, ಅದನ್ನು ಇಳಿಸಿದರೆ ಸುಖ ತಾನಾಗಿ ಬರುತ್ತದೆ ಎಂಬ ನಂಬಿಕೆ ಅದು.

ಅರವತ್ತು ಎಂಬ ಸಂಖ್ಯೆಯನ್ನು ನಮ್ಮ ದೇಹ ಹೇಳಿದ್ದಲ್ಲ. ಬಿಸ್ಮಾರ್ಕನ ಕಾಲದ ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾನೂನು ಬಂದಾಗ ವಯಸ್ಸಿನ ಗೆರೆ 70 ಆಗಿತ್ತು. 1916ರಲ್ಲಿ ಅದು 65ಕ್ಕೆ ಇಳಿಯಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರರು ಮೊದಲು 55ಕ್ಕೆ ನಿವೃತ್ತರಾಗುತ್ತಿದ್ದರು. 1962ರಲ್ಲಿ ಅದು 58 ಆಯಿತು, 1998ರಲ್ಲಿ 60. ಕರ್ನಾಟಕ ಸರ್ಕಾರ 58ರಿಂದ 60ಕ್ಕೆ ಬಂದದ್ದು 2008ರಲ್ಲಿ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಅರವತ್ತು ಮುಟ್ಟಿದ ಭಾರತೀಯರು ಸರಾಸರಿ ಇನ್ನೂ 18 ವರ್ಷದಷ್ಟು ಬದುಕುತ್ತಾರೆ. ಒಂದನೇ ತರಗತಿಗೆ ಸೇರಿದ ಮಗು ಎಂ.ಎ. ಮುಗಿಸುವಷ್ಟು ಕಾಲ ಅದು. ಆ ಓದಿಗಾಗಿ ನಾವು ಎಷ್ಟೊಂದು ಯೋಚಿಸುತ್ತೇವೆ, ಸಾಲ ಮಾಡುತ್ತೇವೆ, ಊರು ಬಿಡುತ್ತೇವೆ. ಈ ಹದಿನೆಂಟು ವರ್ಷಕ್ಕೆ ಪಿಎಫ್, ಗ್ರಾಚುಯಿಟಿ, ಕಮ್ಯುಟೇಷನ್ ಲೆಕ್ಕ ಹಾಕಿದರೆ ಸಿದ್ಧತೆ ಮುಗಿಯಿತೆಂದು ತಿಳಿಯುತ್ತೇವೆ.

ನಿವೃತ್ತರು ಸಾಮಾನ್ಯವಾಗಿ ಹೇಳುವುದು ಹೊತ್ತು ಹೋಗುವುದಿಲ್ಲ ಎಂದು. ಅವರ ಜೊತೆ ಪಾರ್ಕಿನ ಕಲ್ಲುಬೆಂಚಿನಲ್ಲಿ ತುಸು ಹೆಚ್ಚು ಕಾಲ ಕೂತರೆ ದೂರು ಬೇರೆಯದೇ ಎಂಬುದು ತಿಳಿಯುತ್ತದೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಅಧಿಕಾರಿ ನಿವೃತ್ತರಾಗಿ ವರ್ಷಗಳಾದರೂ ಪತ್ರಿಕೆಯಲ್ಲಿ ಮೊದಲು ನೋಡುವುದು ವರ್ಗಾವಣೆಯ ಸುದ್ದಿ. ತಮ್ಮ ಕುರ್ಚಿಗೆ ಈಗ ಯಾರು ಬಂದಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಯಾರೆಂಬುದು ಗೊತ್ತಿರುವುದಿಲ್ಲ. ಅವರಿಗೆ ಪಿಂಚಣಿ ಸಾಕಷ್ಟಿದೆ, ಮಕ್ಕಳು ಒಳ್ಳೆಯವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಅವರನ್ನು ತಿನ್ನುತ್ತಿರುವುದು ಒಂದೇ ಸಂಗತಿ: ತಾವು ಬೆಳಿಗ್ಗೆ ಏಳದಿದ್ದರೂ ಊರಿನಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ.

ಉದ್ಯೋಗ ನಮಗೆ ಹಣ ಕೊಡುತ್ತದೆ. ನಾಲ್ಕು ಜನರ ನಡುವೆ ಒಂದು ಜಾಗ ಕೊಡುತ್ತದೆ. ದಿನಾ ಬೆಳಿಗ್ಗೆ ನಮಗಾಗಿ ಕಾಯುವ ಯಾರನ್ನೋ, ಫೈಲನ್ನೋ ತರಗತಿಯನ್ನೋ ಗಿರಾಕಿಯನ್ನೋ ಕೊಡುತ್ತದೆ. ಇವೆಲ್ಲ ಒಂದೇ ಗಂಟಿನಲ್ಲಿ ಬರುವುದರಿಂದ ಬೇರೆ ಬೇರೆ ಎಂದು ತೋರುವುದಿಲ್ಲ. ನಿವೃತ್ತಿಯ ದಿನ ಗಂಟು ಬಿಚ್ಚಿಕೊಳ್ಳುತ್ತದೆ. ಹಣದ ಒಂದು ಭಾಗವನ್ನು ಪಿಂಚಣಿ ತುಂಬಿಕೊಡುತ್ತದೆ. ಉಳಿದದ್ದನ್ನು ತುಂಬಿಕೊಡುವ ಇಲಾಖೆ ಯಾವುದೂ ಇಲ್ಲ. ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವು ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಕೊಡಬೇಕು. ಬೆರಳಚ್ಚು ಹೊಂದಿಕೆಯಾದರೆ ಬ್ಯಾಂಕಿನ ಪ್ರಶ್ನೆ ಮುಗಿಯುತ್ತದೆ. ಯಾರಿಗಾಗಿ, ಯಾವುದಕ್ಕಾಗಿ ಬದುಕಿದ್ದೇವೆ ಎಂಬ ಪ್ರಶ್ನೆ ಬ್ಯಾಂಕಿನದಲ್ಲ, ನಮ್ಮದು.

ಈ ಖಾಲಿತನ ಅರವತ್ತರಲ್ಲಿ ಹುಟ್ಟುವುದಿಲ್ಲ ಎಂಬುದು ನನ್ನ ವಾದ. ಅದು ತಯಾರಾಗುವುದು ನಲವತ್ತರಲ್ಲಿ, ಎಲ್ಲ ಸಂಜೆಗಳನ್ನೂ ಹುದ್ದೆಗೆ ಬರೆದುಕೊಟ್ಟ ವರ್ಷಗಳಲ್ಲಿ. ಆದ್ದರಿಂದಲೇ ಈಚಿನ ಕೆಲವು ಮಾತುಗಳು ನನ್ನನ್ನು ಕಳವಳಕ್ಕೆ ಈಡುಮಾಡಿವೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ನಡುವೆ 2024ರಲ್ಲಿ ಕರ್ನಾಟಕದಲ್ಲೇ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರ ಸಂಘಟನೆಗಳು ಅದನ್ನು ವಿರೋಧಿಸಿದವು. ದೇಹಕ್ಕೆ ಇದರಿಂದ ಏನಾಗುತ್ತದೆ ಎಂಬುದು ಈಗ ಊಹೆಯ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಬಡಿಯುವ ಅಪಾಯ ಶೇಕಡ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು.

ಆರೋಗ್ಯದ ಮಾತು ಹಾಗಿರಲಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ತೆವಳಿ ರಾತ್ರಿ ಮನೆ ಸೇರುವ ಮೂವತ್ತೈದರ ಹುಡುಗನಿಗೆ ಇನ್ನೊಂದು ನಷ್ಟವೂ ಆಗುತ್ತಿದೆ. ಅದರ ಬಿಲ್ಲು ಅವನ ಕೈ ಸೇರುವುದು ಇಪ್ಪತ್ತೈದು ವರ್ಷ ಕಳೆದ ಮೇಲೆ. ಅವನು ಹಾರ್ಮೋನಿಯಂ ಬಾರಿಸುವುದನ್ನು ಬಿಟ್ಟಿದ್ದಾನೆ. ಗೆಳೆಯರ ಮನೆಗೆ ಹೋಗುವುದನ್ನು ಬಿಟ್ಟಿದ್ದಾನೆ. ಊರಿನ ತೋಟದಲ್ಲಿ ಯಾವ ಗಿಡ ಎಲ್ಲಿದೆ ಎಂಬುದು ಮರೆತಿದೆ. ಸಂಬಳ ಕೊಡುವವರು ಯಾರೂ ಕೇಳದ ಈ ಸಾಮರ್ಥ್ಯಗಳೇ ಮುಂದೆ ಅವನ ಆಸರೆಯಾಗಬೇಕಿದ್ದವು. ಅರವತ್ತರ ಬೆಳಿಗ್ಗೆ ಎದ್ದು ಸ್ನೇಹವನ್ನು, ಸಂಗೀತವನ್ನು, ಮಣ್ಣಿನ ಪರಿಚಯವನ್ನು ಹೊಸದಾಗಿ ಶುರುಮಾಡುವುದು ಸಾಧ್ಯವಾದರೂ ಬಹಳ ಕಷ್ಟ.

ಅತಿದುಡಿಮೆಯನ್ನು ಹೊಗಳುವವರು ನಮ್ಮ ನಾಡಿನಲ್ಲಿ ಶರಣರನ್ನು ಕರೆತರುವುದುಂಟು. ಕಾಯಕವನ್ನು ಕೈಲಾಸಕ್ಕೆ ಸಮಮಾಡಿದ ಮಾತು ಕಾರ್ಖಾನೆಯ ಗೋಡೆಯ ಮೇಲೂ ಇದೆ, ಕಚೇರಿಯ ಕ್ಯಾಲೆಂಡರಿನಲ್ಲೂ ಇದೆ. ಆ ಮಾತು ಬರುವುದು ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು. ಅವನ ಮನೆಯ ಕಥೆಯನ್ನು ಪೂರ್ತಿ ನೆನೆದರೆ ಅತಿದುಡಿಮೆಯವರಿಗೆ ಅಲ್ಲಿ ಆಸರೆ ಸಿಗುವುದಿಲ್ಲ. ಮಾರಯ್ಯ ಅನುಭಾವದ ಮಾತುಕತೆಯಲ್ಲಿ ಮೈಮರೆತು ಕೂತಾಗ, ಕಾಯಕದ ಹೊತ್ತು ಮೀರಿತು ಎಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಇನ್ನೊಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳೂ ಅವಳೇ. ಸೋಮಾರಿತನವನ್ನು ತಡೆದ ಅದೇ ನಾಲಿಗೆ ಅತಿಯನ್ನೂ ತಡೆಯಿತು. ಕಥೆಯ ಮೊದಲರ್ಧವನ್ನು ಮಾತ್ರ ಗೋಡೆಗೆ ಅಂಟಿಸಿ, ಎರಡನೆಯ ಅರ್ಧವನ್ನು ಬಿಟ್ಟವರು ಲಕ್ಕಮ್ಮನಿಗೆ ಅನ್ಯಾಯ ಮಾಡಿದ್ದಾರೆ ಎಂದೇ ನಾನು ತಿಳಿದಿದ್ದೇನೆ. ಕೆಲಸಕ್ಕೆ ಘನತೆ ಬಂದದ್ದು ಅದಕ್ಕೊಂದು ಅಳತೆ ಇದ್ದುದರಿಂದ.

ಹಾಗಾದರೆ ಮುಪ್ಪಿನವರೆಗೂ ಬಾಳುವ ಕೆಲಸ ಹೇಗಿರುತ್ತದೆ? ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯುತ್ತೇನೆ. ಅವರು ಹುಟ್ಟಿದ್ದು 1913ರಲ್ಲಿ, ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ, ತೀರಿಕೊಂಡದ್ದು 2021ರಲ್ಲಿ, 107ನೆಯ ವಯಸ್ಸಿನಲ್ಲಿ. ನಿವೃತ್ತಿಯ ಅನಂತರವೇ ಅವರಿಗೆ ಅರ್ಧ ಶತಮಾನದ ಹತ್ತಿರಹತ್ತಿರ ಆಯಸ್ಸಿತ್ತು. ಆದರೆ ಆ ಕಾಲವನ್ನು ತುಂಬಿದ ನಿಘಂಟಿನ ಕೆಲಸ ನಿವೃತ್ತಿಯ ಮರುದಿನ ಶುರುವಾದದ್ದಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದಲೇ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಕೈಹಾಕಿದ್ದರು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ಪದದ ಅರ್ಥ ಕೇಳಿ ನಾಡಿನ ಮೂಲೆಮೂಲೆಯಿಂದ ಓದುಗರು ಬರೆಯುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಕಾಲೇಜಿನ ಹುದ್ದೆ ಹೋಗಿತ್ತು, ಕಾಯುವವರು ಹೋಗಿರಲಿಲ್ಲ. ಅದೇ 1991ರಲ್ಲಿ ಸಾಹಿತಿ ಎ.ಎನ್. ಮೂರ್ತಿರಾಯರ ‘ದೇವರು’ ಪ್ರಕಟವಾಯಿತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಜೀವನಪೂರ್ತಿ ಕಾಡಿದ ಪ್ರಶ್ನೆಯೊಂದನ್ನು ಆ ವಯಸ್ಸಿನಲ್ಲಿ, ಸಾವಿನ ಭಯಕ್ಕೆ ಸೋಲದೆ, ಅಷ್ಟು ಸ್ಪಷ್ಟವಾಗಿ ಎದುರಿಸಿದ ಪುಸ್ತಕ ಅದು.

ಇವರೆಲ್ಲ ವಿದ್ವಾಂಸರು, ಸಾಮಾನ್ಯರ ಮಾತೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿ ಒಕ್ಕಲಿಗರ ಬಡ ಮನೆಯ ಹೆಣ್ಣುಮಗಳು. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡು, ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು. ದಿನಗೂಲಿಯಾಗಿಯೇ ದಶಕಗಳನ್ನು ಕಳೆದ ಮೇಲೆ ಕೆಲಸ ಕಾಯಂ ಆಯಿತು. ಯಾವ ಮರದ ಬೀಜವನ್ನು ಯಾವ ಹೊತ್ತಿನಲ್ಲಿ ಆಯಬೇಕು, ಯಾವ ತಾಯಿಮರದ ಬೀಜ ಚೆನ್ನಾಗಿ ಮೊಳೆಯುತ್ತದೆ ಎಂಬುದು ಅವರಿಗೆ ತಿಳಿದಷ್ಟು ಅಧಿಕಾರಿಗಳಿಗೂ ತಿಳಿದಿರಲಿಲ್ಲ. ನಿವೃತ್ತರಾದ ಮೇಲೂ ಅವರು ಸಸಿ ಬೆಳೆಸುವುದನ್ನು ಬಿಡಲಿಲ್ಲ. 2020ರ ಪದ್ಮಶ್ರೀಯನ್ನು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲೇ ಹೋಗಿ ಪಡೆದರು. 2024ರ ಡಿಸೆಂಬರ್‌ನಲ್ಲಿ ತಮ್ಮ ಊರಿನಲ್ಲೇ ತೀರಿಕೊಂಡರು. ಪ್ರಶಸ್ತಿ ಬಾರದಿದ್ದರೂ ಅವರು ಮಾಡುತ್ತಿದ್ದುದು ಅದೇ ಕೆಲಸ. ಇಲಾಖೆ ಅವರಿಗೆ ಕೊಟ್ಟದ್ದು ಕೂಲಿ. ಬೀಜದ ಮೇಲಿನ ಅಕ್ಕರೆ ಅವರದೇ ಗಳಿಕೆ, ಅದನ್ನು ಯಾವ ಆದೇಶವೂ ಹಿಂದಕ್ಕೆ ಪಡೆಯುವಂತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮುದುಕರು ದುಡಿಯುತ್ತಿರುವುದೆಲ್ಲ ಅರ್ಥಪೂರ್ಣ ಬದುಕಿನ ಗುರುತಲ್ಲ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದಾರೆಂದು 2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ ಹೇಳಿತು. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ, ಕೂಲಿಯಲ್ಲಿ, ಸಣ್ಣ ಅಂಗಡಿಯಲ್ಲಿ ಇರುವವರು; ಬಿಟ್ಟರೆ ಒಲೆ ಉರಿಯುವುದಿಲ್ಲ ಎಂದು ದುಡಿಯುವವರು. ಕರಾವಳಿಯಲ್ಲಿ ಕಣ್ಣು ಮಂಜಾದರೂ ಬೀಡಿ ಕಟ್ಟುವ ಅಜ್ಜಿಗೆ ಹೋಗಿ ಬದುಕಿನ ಅರ್ಥದ ಬಗ್ಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡವರಿಗೆ ಕೊಡುತ್ತಿರುವುದು ತಿಂಗಳಿಗೆ 1,200 ರೂಪಾಯಿ. ಖಾಸಗಿ ಕಂಪನಿಗಳಲ್ಲಿ ದುಡಿದು ನೌಕರರ ಪಿಂಚಣಿ ಯೋಜನೆಗೆ ಸೇರಿದವರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ರಕ್ತದೊತ್ತಡದ ಮಾತ್ರೆ, ಹಾಲು, ತರಕಾರಿ ತಂದರೆ ಮುಗಿದುಹೋಗುವ ಹಣ. ವೃದ್ಧಾಪ್ಯದ ನೆಮ್ಮದಿಯ ಬಗ್ಗೆ ಬರೆಯುವ ನಾವು, ಪಿಂಚಣಿ ಇರುವವರು, ಈ ಮೊತ್ತವನ್ನು ನಾಚಿಕೆಯಿಂದ ನೆನೆಯಬೇಕು. ಅದು ಹೆಚ್ಚಬೇಕೆಂದು ದನಿ ಎತ್ತಬೇಕು.

ಇನ್ನು ಹೆಂಗಸರ ಮಾತು. ಗಂಡಸರಿಗಿಂತ ಹೆಂಗಸರು ಮುಪ್ಪನ್ನು ಚೆನ್ನಾಗಿ ದಾಟುತ್ತಾರೆ, ಅವರಿಗೆ ಅಡುಗೆಮನೆ ಇದ್ದೇ ಇದೆ ಎಂದು ಹೇಳುವವರನ್ನು ಕಂಡಿದ್ದೇನೆ. ಹೀಗೆ ಹೇಳುವವರು ಗಂಡಸರೇ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಬ್ಯಾಂಕಿನಿಂದ, ಶಾಲೆಯಿಂದ ನಿವೃತ್ತಳಾದ ಹೆಣ್ಣು ಎರಡು ಕೆಲಸಗಳಲ್ಲಿ ಒಂದರಿಂದ ಮಾತ್ರ ಬಿಡುಗಡೆ ಪಡೆಯುತ್ತಾಳೆ. ನಮ್ಮ ಊರುಗಳಲ್ಲಿ ಎಷ್ಟೋ ತಾಯಂದಿರು ಮಗಳ, ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತಾರೆ. ಆರು ತಿಂಗಳು ಬೀಗತಿ, ಆರು ತಿಂಗಳು ತಾನು. ಮೊಮ್ಮಗುವಿನ ಮೈಯೆಣ್ಣೆಯ ವಾಸನೆ ಯಾವ ಸುಖಕ್ಕೆ ಕಡಿಮೆ? ಹೋಗಿಬಂದವರು ಆ ದಿನಗಳನ್ನು ಕಣ್ಣರಳಿಸಿ ಹೇಳುತ್ತಾರೆ. ಅದೇ ತಾಯಂದಿರು ಹಿಮ ಬೀಳುವ ಊರಿನಲ್ಲಿ, ಕಾರು ಓಡಿಸಲು ಬಾರದೆ, ಮಾತನಾಡಲು ಯಾರೂ ಇಲ್ಲದೆ, ಮಂಡಿನೋವನ್ನು ಯಾರಿಗೂ ಹೇಳದೆ ದಿನವಿಡೀ ಒಲೆಯ ಮುಂದೆ ನಿಂತದ್ದನ್ನು ಆಮೇಲೆ ಮೆಲ್ಲಗೆ ಹೇಳುತ್ತಾರೆ. ಎರಡೂ ನಿಜ. ಬೇಕಾದವಳಾಗಿರುವುದಕ್ಕೂ ಬಳಕೆಯಾಗುವುದಕ್ಕೂ ನಡುವಿನ ಗೆರೆ ಬಹಳ ತೆಳುವು. ಅದನ್ನು ಗುರುತಿಸಲು ನನಗೆ ಕಂಡ ದಾರಿ ಒಂದೇ: ಈ ಕೆಲಸವನ್ನು ‘ಇವತ್ತು ನನ್ನಿಂದಾಗದು’ ಎಂದು ಹೇಳುವ ಸ್ವಾತಂತ್ರ್ಯ ಅವಳಿಗಿದೆಯೇ? ಹಾಗೆ ಹೇಳಿದ ದಿನವೂ ಅವಳ ಮಾನ ಮನೆಯಲ್ಲಿ ಹಾಗೇ ಉಳಿಯುತ್ತದೆಯೇ? ಉಳಿಯುವುದಾದರೆ ಅದು ಅವಳದೇ ಕೆಲಸ. ಇಲ್ಲವಾದರೆ ಪ್ರೀತಿಯ ಹೆಸರಿನಲ್ಲಿ ನಡೆಯುವ ಜೀತ.

ಯಾರಿಗೋ ಬೇಕಾಗಿರಬೇಕು, ಮತ್ತು ಬೇಡ ಎನ್ನುವ ಹಕ್ಕೂ ಇರಬೇಕು. ಇಷ್ಟು ಕೂಡಿಬಂದ ಕೆಲಸ ಮುಪ್ಪಿನಲ್ಲಿ ಔಷಧಿಯಷ್ಟೇ ಮುಖ್ಯವೆಂದು ನಾನು ಬಲವಾಗಿ ನಂಬಿದ್ದೇನೆ. ಜಪಾನಿನ ಓಸಾಕಿಯಲ್ಲಿ 43,000ಕ್ಕೂ ಹೆಚ್ಚು ಜನರನ್ನು ಏಳು ವರ್ಷ ಗಮನಿಸಿದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬದುಕಲು ಕಾರಣವಿದೆ ಎಂದವರಿಗಿಂತ ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿದ್ದುದನ್ನು ದಾಖಲಿಸಿದ್ದಾರೆ. ಕಾಯಿಲೆಯೇ ಬದುಕಿನ ಆಸೆಯನ್ನು ಕುಗ್ಗಿಸಿರಬಹುದಲ್ಲವೇ ಎಂಬ ಸಂಶಯ ಇಂಥ ಅಧ್ಯಯನಗಳಲ್ಲಿ ಯಾವಾಗಲೂ ಇರುತ್ತದೆ. ಆದರೂ ಬೆಂಚಿನ ಮೇಲೆ ನಾನು ಕೇಳಿದ ದೂರು ಈ ವರದಿಯ ಜೊತೆ ಹೊಂದಿಕೊಳ್ಳುತ್ತದೆ.

ಆದರೆ ಒಂದು ದಿನ ಯಾವ ಕೆಲಸವೂ ಕೈಗೆಟುಕದ ಸ್ಥಿತಿ ಬರುತ್ತದೆ. ಉಪಯೋಗಕ್ಕೆ ಬರುವುದೇ ಮನುಷ್ಯನ ಬೆಲೆಯೆಂದರೆ ಹಾಸಿಗೆ ಹಿಡಿದವರಿಗೆ ಏನು ಹೇಳುವುದು? ನನ್ನ ತಂದೆ ಕೊನೆಯ ದಿನಗಳಲ್ಲಿ ಎದ್ದು ಕೂರಲೂ ಆಗದೆ ಮಲಗಿದ್ದರು. ಅವರಿಂದ ಮನೆಗೆ ಯಾವ ಉಪಯೋಗವೂ ಇರಲಿಲ್ಲ. ಸಂಜೆ ಹೊತ್ತು ಬಾಗಿಲು ದಾಟಿ ಬಂದವರನ್ನು ಹೆಜ್ಜೆ ಸಪ್ಪಳದಿಂದಲೇ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದರು, ಅಷ್ಟೇ. ನಮ್ಮನ್ನೆಲ್ಲ ಚಿಕ್ಕಂದಿನಿಂದ ಬಲ್ಲ ಒಬ್ಬರು ಮನೆಯಲ್ಲಿ ಇದ್ದಾರೆ ಎಂಬುದು ನಮಗೆ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದು ಅವರು ಹೋದ ಮೇಲೆ ತಿಳಿಯಿತು. ಹೆಜ್ಜೆ ಸಪ್ಪಳದಲ್ಲೇ ಜನರನ್ನು ಗುರುತಿಸುವ ಆ ನೆಮ್ಮದಿ ಅವರಿಗೆ ಸಿಕ್ಕಿದ್ದು ದುಡಿಯುವ ಕಾಲದಲ್ಲಿ ಜಗಲಿಯಲ್ಲಿ ಕೂತು ಜನರೊಡನೆ ಮಾತನಾಡಲು ಅವರಿಗೆ ಹೊತ್ತಿದ್ದುದರಿಂದ. ಸಂಜೆಗಳನ್ನು ಉಳಿಸಿಕೊಂಡವರಿಗೆ ಮಾತ್ರ ಮುಪ್ಪಿನಲ್ಲಿ ಹೆಜ್ಜೆ ಸಪ್ಪಳದ ಗುರುತು ಸಿಗುತ್ತದೆ. ವಾರಕ್ಕೆ 90 ಗಂಟೆಯ ಲೆಕ್ಕದಲ್ಲಿ ಜಗಲಿಗೆ ಜಾಗವಿಲ್ಲ.

ಮಧ್ಯವಯಸ್ಸಿನಲ್ಲಿರುವ ಓದುಗರಲ್ಲಿ ನನ್ನ ಕೋರಿಕೆ, ಹುದ್ದೆಗೆ ಸಂಬಂಧವಿಲ್ಲದ ಒಂದು ಕೆಲಸವನ್ನು ಈಗಲೇ ಹಿಡಿಯಿರಿ. ಅದನ್ನು ಚೆನ್ನಾಗಿ ಕಲಿಯಿರಿ, ಅದಕ್ಕಾಗಿ ಕಚೇರಿಯೊಡನೆ ಜಗಳವಾಡಬೇಕಾದರೆ ಆಡಿರಿ. ಮಕ್ಕಳಲ್ಲಿ ಕೋರಿಕೆ, ತಂದೆತಾಯಿಗೆ ಆರಾಮವಾಗಿ ಕೂತಿರಿ ಎಂದು ಹೇಳಿ ಕೈಯಲ್ಲಿರುವುದನ್ನೆಲ್ಲ ಕಸಿದುಕೊಳ್ಳಬೇಡಿ. ಏನು ಮಾಡಲು ಇಷ್ಟ, ಏನು ಆಗದು ಎಂದು ಅವರನ್ನೇ ಕೇಳಿ. ನನ್ನಂತೆ ಈಗಾಗಲೇ ನಿವೃತ್ತರಾಗಿರುವವರಿಗೆ ಹೇಳುವುದು ಇಷ್ಟು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತಾರೆ, ಪುಸ್ತಕಗಳಿವೆ, ಹಲವು ಕಡೆ ಕಂಪ್ಯೂಟರೂ ಇದೆ. ಜೊತೆಗೆ ಕೂತು ಓದಿಸುವವರು, ಲೆಕ್ಕ ಹೇಳಿಕೊಡುವವರು ಸಾಲದು. ವಾರದಲ್ಲಿ ಎರಡು ಸಂಜೆ ಹೋಗಿ ಮೇಲ್ವಿಚಾರಕರನ್ನು ಕಂಡು, ನಾನು ಬರಲೇ ಎಂದು ಕೇಳಿ.